ಜೋಗಿಮಟ್ಟಿಯ ಕಾರೆ ಕಂಟಿಯೊಳಗೆ ಸಿಕ್ಕ ಈ ಹೂವು ಯಾವುದು?

ದಾರಿಹೋಕ, ದಾವಣಗೆರೆ · ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ಈ ಸಲ ಬರೆಯದೆ ಇರೋಕೆ ಆಗಲಿಲ್ಲ.

ಗಣೇಶನ ಹಬ್ಬ ಮುಗಿದ ಭಾನುವಾರ ಚಿತ್ರದುರ್ಗದ ಅಕ್ಕನ ಮನೆಗೆ ಹೋಗಿದ್ದೆ. ಅರಣ್ಯ ಇಲಾಖೆಯವರ ಅನುಮತಿ ತಗೊಂಡು, ಒಬ್ಬ ವಾಚರ್ ಜೊತೆ ಭಾವ ಮತ್ತು ನಾನು ಜೋಗಿಮಟ್ಟಿ ಕಡೆ ಹೊರಟೆವು. ಹುಬ್ಬೆ ಮಳೆ ಹಿಂದಿನ ಎರಡು ದಿನ ಚೆನ್ನಾಗಿ ಹೊಡೆದಿತ್ತು. ಬೇಸಿಗೆಯಲ್ಲಿ ಸುಟ್ಟ ರೊಟ್ಟಿ ಥರ ಕಾಣುವ ಗುಡ್ಡ ಈಗ ಪೂರ್ತಿ ಹಸಿರು. ಮೇಲೆ ಮಂಜು, ಕೆಳಗೆ ಮೊಣಕಾಲುದ್ದ ಹುಲ್ಲು.

ದಾರಿಯಲ್ಲಿ ಭಾವ ಶೂ ಲೇಸ್ ಕಟ್ಟಿಕೊಳ್ಳೋಕೆ ಒಂದು ಬಂಡೆ ಮೇಲೆ ಕೂತರು. ಅವರ ಕಿವಿ ಪಕ್ಕದಲ್ಲೇ ಒಂದು ಕಾರೆ ಕಂಟಿ, ಮುಳ್ಳಿನ ಪೊದೆ. ಅದರೊಳಗೆ ಏನೋ ತೂಗುತ್ತಿತ್ತು. ಮೊದಲು ಯಾವುದೋ ಹುಳದ ಗೂಡು ಅಂದುಕೊಂಡೆ. ಬಗ್ಗಿ ನೋಡಿದರೆ ಹೂವು! ಒಂದೇ ತೊಟ್ಟಿಗೆ ಏಳೆಂಟು. ಬುಡದಲ್ಲಿ ಸಣ್ಣ ಬುಡ್ಡಿ, ಅದರ ಮೇಲೆ ಸಪೂರ ಕೊಳವೆ, ಕೊಳವೆಯ ತುದಿಯಲ್ಲಿ ಐದು ಎಳೆ. ಆ ಐದು ಎಳೆ ಬಿಡಿಯಾಗಿ ಅರಳಿಲ್ಲ. ಮೇಲೆ ಹೋಗಿ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮಧ್ಯೆ ಕಿಟಕಿ ಥರ ಸಂದು. ಅಜ್ಜನ ಮನೆಯ ಕಂದೀಲನ್ನು ಬೆರಳುದ್ದ ಮಾಡಿದರೆ ಹೇಗಿರುತ್ತದೋ ಹಾಗೆ. ಕೆಳಗೆ ತಿಳಿ ಹಸಿರು, ಮೇಲಿನ ಎಳೆಗಳು ಕಡು ನೇರಳೆ.

ವಾಚರ್ ಅಣ್ಣನನ್ನು ಕೇಳಿದೆ. ಹನ್ನೆರಡು ವರ್ಷದಿಂದ ಈ ಕಾಡು ಸುತ್ತುತ್ತಿದ್ದಾರಂತೆ. "ನೋಡಿದ್ದೀನಿ ಸರ್, ಒಂದೆರಡು ಸಲ. ಹೆಸರು ಗೊತ್ತಿಲ್ಲ" ಅಂದರು. ಮೂರು ಫೋಟೋ ಹಾಕಿದ್ದೇನೆ. ಯಾರಿಗಾದರೂ ಗೊತ್ತಾ?

ಬೆಣ್ಣೆದೋಸೆ, ದಾವಣಗೆರೆ · ಸೋಮವಾರ ರಾತ್ರಿ 9.52

ಈಶ್ವರಿ ಬಳ್ಳಿ. ಹಾವು ಕಚ್ಚಿದ್ದಕ್ಕೆ ಕೊಡುತ್ತಾರಲ್ಲ, ಅದೇ. ಗೂಗಲ್ ಲೆನ್ಸ್‌ನಲ್ಲೂ ಹಾಕಿ ನೋಡಿದೆ, ಅದನ್ನೇ ತೋರಿಸಿತು. ಮುಗೀತು.

ಕಮರದ ನೆರಳು, ಚಿತ್ರದುರ್ಗ · ಸೋಮವಾರ ರಾತ್ರಿ 10.31

ಮುಗಿದಿಲ್ಲ ಬೆಣ್ಣೆದೋಸೆಯವರೇ, ಈಗ ಶುರು. ಲೆನ್ಸ್ ಎಡವಿದ್ದಕ್ಕೆ ಕಾರಣವೂ ಇದೆ. ಈಶ್ವರಿ ಬಳ್ಳಿಯ ಹೂವಿಗೂ ಬುಡ್ಡಿ ಇದೆ, ಕೊಳವೆ ಇದೆ. ಅದೂ ನೊಣ ಹಿಡಿಯುವ ಹೂವೇ. ಆದರೆ ಅದರ ಬಾಯಿ ನೋಡಿ. ಒಂದು ಕಡೆಗೆ ನಾಲಿಗೆ ಚಾಚಿದ ಹಾಗೆ ಒಂದೇ ಎಸಳು. ಇಲ್ಲಿ ಐದು ಎಳೆ ಸ್ಪಷ್ಟವಾಗಿದೆ, ತುದಿ ಕೂಡಿದೆ. ಇದು ಬೇರೆ ಮನೆತನದ್ದು.

ಹಾವು ಕಚ್ಚಿದರೆ ಈಶ್ವರಿ ಬಳ್ಳಿ ಹುಡುಕಿಕೊಂಡು ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ. ಹಾಗೇ ಆ ಬಳ್ಳಿಯ ಬೇರನ್ನು ಕಷಾಯ ಮಾಡಿ ಕುಡಿಯುವವರೂ ಇದ್ದಾರೆ. ಅದರಲ್ಲಿ ಕಿಡ್ನಿಗೆ ಕೆಟ್ಟದ್ದು ಮಾಡುವ ಆಮ್ಲ ಇದೆ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಅದಕ್ಕೇ ಇಲ್ಲೂ ಹೇಳಿದೆ.

ದಾರಿಹೋಕ, ನಿಮ್ಮ ಫೋಟೋ ಚೆನ್ನಾಗಿದೆ. ಆದರೆ ಮೂರರಲ್ಲೂ ಬರೀ ಹೂವು. ಗಿಡ ಎಲ್ಲಿ? ಈ ಕೆಳಗಿನದನ್ನು ಹೇಳಿ. ಎಲೆ ಕಾಂಡದ ಮೇಲೆ ಎದುರುಬದುರು ಜೋಡಿಯಾಗಿತ್ತಾ, ಒಂದು ಬಿಟ್ಟು ಒಂದು ಇತ್ತಾ? ಎಲೆ ತೆಳ್ಳಗಿತ್ತಾ, ಸ್ವಲ್ಪ ದಪ್ಪ ಇತ್ತಾ? ಕಾಂಡದ ಮೇಲೆ ರೋಮ ಇತ್ತಾ? ಬಳ್ಳಿ ನೆಲದಿಂದ ಎದ್ದ ಜಾಗದಲ್ಲಿ ಏನಿತ್ತು, ಕಲ್ಲಾ, ಮಣ್ಣಾ?

ದಾರಿಹೋಕ, ದಾವಣಗೆರೆ · ಸೋಮವಾರ ರಾತ್ರಿ 10.50

ಮೇಡಂ, ನಿಜ ಹೇಳಬೇಕಂದ್ರೆ ಇದ್ಯಾವುದನ್ನೂ ನೋಡಿಲ್ಲ. ಹೂವು ಕಂಡ ಖುಷಿಯಲ್ಲಿ ಹೂವೊಂದನ್ನೇ 40 ಸಲ ಕ್ಲಿಕ್ ಮಾಡಿದ್ದೀನಿ. ಎಲೆ ಒಂದು ಫೋಟೋದ ಮೂಲೆಯಲ್ಲಿ ಮಸುಕಾಗಿ ಬಂದಿದೆ. ಅದು ಬಳ್ಳಿಯದ್ದೋ, ಕಾರೆಯದ್ದೋ ಅಂತಾನೂ ಗೊತ್ತಿಲ್ಲ.

ಕಮರದ ನೆರಳು, ಚಿತ್ರದುರ್ಗ · ಸೋಮವಾರ ರಾತ್ರಿ 11.04

ಎಲ್ಲರೂ ಹಾಗೇ ಮಾಡೋದು. ಕಾಲೇಜಲ್ಲಿ 31 ವರ್ಷ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಹೂವು ಮದುವೆ ಮನೆಯ ಮುಖ. ಗುರುತು ಸಿಗಬೇಕಾದರೆ ಹಿತ್ತಲಿಗೆ ಹೋಗಬೇಕು.

ಆದರೂ ಕುಲ ಹೇಳಬಲ್ಲೆ. ಇದು ಸೆರೋಪೀಜಿಯಾ. ನಮ್ಮ ಎಕ್ಕದ ಬಳಗ. ಮೊದಲು ಎಕ್ಕದ್ದೇ ಬೇರೆ ಕುಟುಂಬ ಅಂತ ಇತ್ತು. ಈಗ ಕಣಗಿಲೆ ಕುಟುಂಬದೊಳಗೆ ಸೇರಿಸಿದ್ದಾರೆ. ಭಾರತದಲ್ಲಿ ಸೆರೋಪೀಜಿಯಾದ 50ಕ್ಕೂ ಹೆಚ್ಚು ಜಾತಿಗಳಿವೆ. ಅದರಲ್ಲಿ ಬಹಳಷ್ಟು ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಬಯಲುಸೀಮೆಯ ಕುರುಚಲು ಗುಡ್ಡಕ್ಕೆ ಒಗ್ಗಿಕೊಂಡವು ಕೆಲವೇ. ಅದರಲ್ಲಿ ಯಾವುದು ಅನ್ನೋದಕ್ಕೆ ನೀವು ಮತ್ತೊಮ್ಮೆ ಹೋಗಲೇಬೇಕು.

ಹಟ್ಟಿ ಹುಡುಗ, ಚಳ್ಳಕೆರೆ · ಮಂಗಳವಾರ ಬೆಳಗ್ಗೆ 5.15

ಡ್ಯೂಟಿಗೆ ಹೋಗೋ ಮುಂಚೆ ಬರೀತಾ ಇದ್ದೀನಿ. ಈಗ ಬೆಂಗಳೂರಲ್ಲಿ ಕಂಪನಿ ಬಸ್ ಓಡಿಸುತ್ತೇನೆ. ಫೋಟೋ ನೋಡಿ ಎದೆ ಝಲ್ ಅಂತು ಅಣ್ಣ.

ಇದನ್ನು ನಾವು ತಿಂದಿದ್ದೀವಿ! ಹೂವಲ್ಲ, ಗೆಡ್ಡೆ. ನಾನು ಐದನೇ ಕ್ಲಾಸು ಇದ್ದಾಗ ರಜದಲ್ಲಿ ನಮ್ಮ ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದೆ. ಮಳೆ ಬಿದ್ದು ಹದಿನೈದು ದಿನಕ್ಕೆ ಕಂಟಿ ಒಳಗಿಂದ ಸಪೂರ ಬಳ್ಳಿ ಏಳೋದು. ಅಪ್ಪ ಕೋಲಿನ ತುದಿಯಲ್ಲಿ ಬುಡ ಕೆದಕಿ ತೆಗೆಯೋರು. ಸಣ್ಣ ಈರುಳ್ಳಿಯಷ್ಟು, ಸ್ವಲ್ಪ ಚಪ್ಪಟೆ. ಸಿಪ್ಪೆ ಉಗುರಲ್ಲಿ ಕೆರೆದು ಹಸಿಯಾಗೇ ತಿನ್ನೋದು. ನೀರು ನೀರಾಗಿ, ಮೊದಲು ಚೂರು ಕಹಿ, ಆಮೇಲೆ ಸಪ್ಪೆ ಸಿಹಿ. ಬಾಯಾರಿಕೆಗೆ ಒಳ್ಳೇದು ಅನ್ನೋರು. ಹೆಸರು ಅಂತ ಏನೂ ಇರಲಿಲ್ಲ. "ಗೆಡ್ಡೆ ಬಳ್ಳಿ" ಅಂತಿದ್ವಿ ಅಷ್ಟೇ. ಹೂವು ಇಷ್ಟು ಚೆಂದ ಇರುತ್ತೆ ಅಂತ ಯಾವತ್ತೂ ನೋಡಿಲ್ಲ. ಹೂವಾಗೋ ಮುಂಚೆನೇ ತಿಂದು ಮುಗಿಸುತ್ತಿದ್ದೆವೇನೋ.

ಸೊಪ್ಪಿನ ಸಾರು, ಜಗಳೂರು · ಮಂಗಳವಾರ ಬೆಳಗ್ಗೆ 8.20

ತಮ್ಮಾ, ನೀನು ಅಪ್ಪನ ಜೊತೆ ಹೋಗಿ ತಿಂದೆ, ಸರಿ. ಇದನ್ನು ಓದಿ ಯಾರಾದರೂ ಸಿಟಿ ಮಕ್ಕಳು ಕಾಡಿಗೆ ಹೋಗಿ ಸಿಕ್ಕಿದ ಗೆಡ್ಡೆ ಅಗೆದು ತಿಂದರೆ ಏನು ಗತಿ?

ಇದೇ ಮಳೆಗೆ, ಇದೇ ಕಂಟಿಯೊಳಗೆ ಗೌರಿ ಹೂವಿನ ಬಳ್ಳಿಯೂ ಏಳುತ್ತದೆ. ಕೆಂಪು ಹಳದಿ ಬೆಂಕಿ ಥರ ಹೂ ಬಿಡುತ್ತಲ್ಲ, ಅದು. ಅದರ ಗೆಡ್ಡೆ ಕಡು ವಿಷ. ಸ್ವಲ್ಪ ತಿಂದರೂ ಜೀವಕ್ಕೆ ಅಪಾಯ. ಹೂವಿಲ್ಲದಾಗ ಗುರುತು ತಪ್ಪೋದು ಸುಲಭ. ನಮ್ಮ ಅಜ್ಜಿ ಸೊಪ್ಪು ಆರಿಸೋದರಲ್ಲಿ ಪಳಗಿದವರು. ನಲವತ್ತು ಥರ ಬೆರಕೆ ಸೊಪ್ಪು ಕಣ್ಣು ಮುಚ್ಚಿ ಹೇಳೋರು. ಅವರೂ ಗೆಡ್ಡೆ ಮಾತ್ರ ತಾವೇ ಬಳ್ಳಿ ನೋಡದೆ ಮನೆಯೊಳಗೆ ಬಿಡುತ್ತಿರಲಿಲ್ಲ.

ಹಟ್ಟಿ ಹುಡುಗ, ಚಳ್ಳಕೆರೆ · ಮಂಗಳವಾರ ಮಧ್ಯಾಹ್ನ 1.30

ಸರಿ ಅಕ್ಕ. ಯಾರೂ ತಿನ್ನಬೇಡಿ. ಗೌರಿ ಹೂವಿನ ಗೆಡ್ಡೆ ನೇಗಿಲ ಥರ ಉದ್ದ, ಕವಲು ಒಡೆದಿರುತ್ತೆ. ಇದು ದುಂಡಗೆ. ಆದರೂ ಬೇಡ.

ತಾರಸಿ ತೋಟ, ಹರಿಹರ · ಮಂಗಳವಾರ ಸಂಜೆ 6.45

ಅಯ್ಯೋ ಎಷ್ಟು ಮುದ್ದಾಗಿದೆ! ನನ್ನ ಹತ್ರ 60 ಕುಂಡ ಇದೆ, ಇಂಥದ್ದು ಒಂದೂ ಇಲ್ಲ. ದಾರಿಹೋಕ ಅವರೇ, ಲೊಕೇಶನ್ ಕಳಿಸ್ತೀರಾ? ಒಂದೇ ಒಂದು ಗೆಡ್ಡೆ ತರ್ತೀನಿ. ಕಾಡಲ್ಲಿದ್ದರೆ ಹೇಗಿದ್ದರೂ ಮೇಕೆ ತಿನ್ನುತ್ತೆ. ನನ್ನ ತಾರಸಿಯಲ್ಲಾದರೆ ಬದುಕುತ್ತೆ.

ನಿರ್ವಾಹಕ · ಮಂಗಳವಾರ ಸಂಜೆ 7.10

ದಾರಿಹೋಕ ಅವರ ಮೊದಲ ಪೋಸ್ಟ್‌ನಲ್ಲಿ ದಾರಿಯ ತಿರುವು, ಬಂಡೆಯ ಗುರುತು ಇದ್ದ ಎರಡು ಸಾಲು ತೆಗೆದಿದ್ದೇನೆ. ಫೋಟೋಗಳನ್ನೂ ಲೊಕೇಶನ್ ಮಾಹಿತಿ ಅಳಿಸಿ ಮತ್ತೆ ಹಾಕಿದ್ದೇನೆ. ಅಪರೂಪದ ಗಿಡಗಳ ವಿಷಯದಲ್ಲಿ ಇಲ್ಲಿನ ನಿಯಮ ಹೀಗೇ. "ಜೋಗಿಮಟ್ಟಿ" ಅನ್ನೋದಷ್ಟು ಸಾಕು. ಆ ಕಾಡು ಸುಮಾರು 100 ಚದರ ಕಿಲೋಮೀಟರ್ ಇದೆ.

ಮ್ಯಾಕ್ರೋ ಕಣ್ಣು, ಹೊಸದುರ್ಗ · ಮಂಗಳವಾರ ಸಂಜೆ 7.25

ನಿರ್ವಾಹಕರು ಮಾಡಿದ್ದು ಸರಿ. ತಾರಸಿ ತೋಟದ ಮೇಡಂ, ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ. ಅಲ್ಲಿಂದ ಒಂದು ಕಡ್ಡಿ ತಂದರೂ ಕೇಸು. ಗೊತ್ತಿಲ್ಲದೆ ಕೇಳಿದ್ದೀರಿ ಅಂದುಕೊಳ್ತೀನಿ.

ಕಮರದ ನೆರಳು, ಚಿತ್ರದುರ್ಗ · ಮಂಗಳವಾರ ರಾತ್ರಿ 8.15

ಬೈಯೋದು ಬೇಡ. ಗಿಡದ ಮೇಲೆ ಆಸೆ ಇರುವವರೇ ನಾಳೆ ಅದನ್ನು ಉಳಿಸುವವರು. ತಾರಸಿ ತೋಟದವರೇ, ನಿಮ್ಮ ಊರಿನ ನರ್ಸರಿಯಲ್ಲಿ ಸ್ಟ್ರಿಂಗ್ ಆಫ್ ಹಾರ್ಟ್ಸ್ ಅಂತ ಕೇಳಿ. ತೂಗು ಕುಂಡದಿಂದ ಹೃದಯದ ಆಕಾರದ ಎಲೆ ಇಳಿಬಿಡುತ್ತದೆ. ಅದೂ ಸೆರೋಪೀಜಿಯಾನೇ, ತವರು ಆಫ್ರಿಕಾದ ದಕ್ಷಿಣ ಭಾಗ. ಹೂವು ಇದೇ ಕಂದೀಲು, ಇನ್ನೂ ಚಿಕ್ಕದು. ಕಡ್ಡಿ ನೆಟ್ಟರೆ ಸಾಕು, ಬೇರು ಬಿಡುತ್ತದೆ.

ಕಾಡಿನ ಗೆಡ್ಡೆ ಕಿತ್ತು ತಂದರೆ ಸಾಮಾನ್ಯವಾಗಿ ಎರಡನೇ ಮಳೆಗಾಲ ನೋಡಲ್ಲ. ದಿನಾ ನೀರು ಹಾಕಿ ನಾವೇ ಕೊಳೆಸುತ್ತೇವೆ. ಅದಕ್ಕೆ ಎಂಟು ತಿಂಗಳು ಒಣ ನಿದ್ದೆ ಬೇಕು. ಮಾಕಳಿ ಬೇರಿನ ಕಥೆ ನೋಡಿ. ಉಪ್ಪಿನಕಾಯಿಗೆ ಅಂತ ಅಗೆದೂ ಅಗೆದೂ, ಎಷ್ಟೋ ಗುಡ್ಡಗಳಲ್ಲಿ ಈಗ ಹುಡುಕಿದರೂ ಸಿಗಲ್ಲ.

ಬೆಳೆಸಿ ಉಳಿಸುವ ಕೆಲಸ ಬೇರೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಹಲವು ಸೆರೋಪೀಜಿಯಾಗಳನ್ನು ಬೆಳೆಸಿ ಕಾಪಾಡಿದ್ದಾರೆ. ಅದಕ್ಕೆ ಅನುಮತಿ ಬೇಕು, ತಿಳಿದವರು ಬೇಕು.

ತಾರಸಿ ತೋಟ, ಹರಿಹರ · ಮಂಗಳವಾರ ರಾತ್ರಿ 8.40

ಸಾರಿ, ಧಾಮ ಅಂತ ಗೊತ್ತಿರಲಿಲ್ಲ. ಸ್ಟ್ರಿಂಗ್ ಆಫ್ ಹಾರ್ಟ್ಸ್ ನನ್ನ ಹತ್ರ ಇದೆ! ಮೂರು ವರ್ಷದಿಂದ ಇದೆ! ಈಗ ಹೋಗಿ ಟಾರ್ಚ್ ಹಾಕಿ ನೋಡಿದೆ. ಎರಡು ಹೂ ಬಿಟ್ಟಿದೆ. ಇಷ್ಟು ದಿನ ಒಣಗಿದ ಮೊಗ್ಗು ಅಂತ ಚಿವುಟಿ ಹಾಕ್ತಿದ್ದೆ.

ದಾರಿಹೋಕ, ದಾವಣಗೆರೆ · ಎರಡು ವಾರದ ನಂತರ, ಭಾನುವಾರ ರಾತ್ರಿ 9.05

ಹೋಗಿ ಬಂದೆ. ಅದೇ ವಾಚರ್ ಅಣ್ಣ, ಅದೇ ಕಂಟಿ. ಭಾವ ಬರಲಿಲ್ಲ, "ಒಂದು ಹೂವಿಗೆ ಎರಡು ಸಲ ಗುಡ್ಡ ಹತ್ತಲ್ಲ" ಅಂದರು. ಮಗಳ ಜಾಮೆಟ್ರಿ ಬಾಕ್ಸಿಂದ ಸ್ಕೇಲು ತಗೊಂಡು ಹೋಗಿದ್ದೆ. ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಂಡು ಬಂದಿದ್ದೀನಿ.

ಎಲೆ ಎದುರುಬದುರು, ಜೋಡಿ ಜೋಡಿ. ಉದ್ದ 3ರಿಂದ 5 ಸೆಂಟಿಮೀಟರ್. ಮೊಟ್ಟೆಯಾಕಾರ, ತುದಿ ಚೂಪು. ಮುಟ್ಟಿದರೆ ಸ್ವಲ್ಪ ದಪ್ಪ ಅನ್ನಿಸುತ್ತದೆ, ಬಸಳೆಯಷ್ಟು ಅಲ್ಲ. ಕಾಂಡ ನುಣ್ಣಗೆ, ರೋಮ ಇಲ್ಲ. ನೂಲಿನಷ್ಟು ಸಪೂರ. ಎಡಕ್ಕೆ ಬಲಕ್ಕೆ ಸುತ್ತಿಕೊಂಡು ಕಂಟಿಯ ನಡುವಿನವರೆಗೆ ಹತ್ತಿದೆ. ಗೊಂಚಲು ಎಲೆಯ ಕಂಕುಳಿಂದ ಬಂದಿದೆ. ಈ ಸಲ ಒಂದರಲ್ಲಿ 8 ಹೂವು, ಇನ್ನೊಂದರಲ್ಲಿ 6. ತಮಾಷೆ ಏನಂದ್ರೆ ಗೊಂಚಲಿನ ತೊಟ್ಟು ಕೆಳಗೆ ಬಾಗಿದೆ, ಆದರೆ ಒಂದೊಂದು ಹೂವೂ ಮತ್ತೆ ತಿರುಗಿ ಮೇಲಕ್ಕೆ ನಿಂತಿದೆ. ಹೂವಿನ ಉದ್ದ 36 ಮಿಲಿಮೀಟರ್.

ಬುಡದಲ್ಲಿ ಮಣ್ಣು ಕಮ್ಮಿ, ಚೂರು ಕಲ್ಲು ಜಾಸ್ತಿ. ಕಾರೆ ಎಲೆ ಉದುರಿ ಕೊಳೆತು ಕಪ್ಪು ಗೊಬ್ಬರ ಆಗಿದೆ, ಬೆರಳು ಇಟ್ಟರೆ ತಂಪು. ಕಂಟಿಯ ಹೊರಗೆ ಅರ್ಧ ಮಾರು ದೂರದಲ್ಲಿ ಮಣ್ಣು ಆಗಲೇ ಬಿಸಿ, ಒಣಗಿತ್ತು. ಸುತ್ತ ಬಂದರೆ ಗಿಡ, ಒಂದೆರಡು ದಿಂಡಿಗ, ಒಂದು ಕಳ್ಳಿ ಮೆಳೆ. ನೂರು ಹೆಜ್ಜೆ ಸುತ್ತಳತೆಯಲ್ಲಿ ಎಲ್ಲ ಕಂಟಿಗೂ ಬಗ್ಗಿ ನೋಡಿದೆ. ಇನ್ನೂ ಎರಡು ಬಳ್ಳಿ ಸಿಕ್ಕಿತು. ಎರಡೂ ಕಾರೆಯೊಳಗೇ! ಬಯಲಲ್ಲಿ ಒಂದೂ ಇಲ್ಲ. ಕೈ ತುಂಬ ಮುಳ್ಳು ಗೀರಿದೆ.

ಇನ್ನೊಂದು. ಕೆಳಗೆ ಬಿದ್ದಿದ್ದ ಒಂದು ಬಾಡಿದ ಹೂವನ್ನು ಅಲ್ಲೇ ಬಿಡಿಸಿ ನೋಡಿದೆ. ಬುಡ್ಡಿಯೊಳಗೆ ಒಂದು ನೊಣ ಸತ್ತು ಬಿದ್ದಿತ್ತು. ಸಾಸಿವೆಗಿಂತ ಚಿಕ್ಕದು. ಮಸೂರದಲ್ಲಿ ನೋಡಿದರೆ ಅದರ ಮೂತಿಗೆ ಹಳದಿ ಚುಕ್ಕೆ ಅಂಟಿತ್ತು. ಏನದು?

ಕಮರದ ನೆರಳು, ಚಿತ್ರದುರ್ಗ · ಭಾನುವಾರ ರಾತ್ರಿ 10.20

ಭಲೇ! ಈಗ ನೀವು ಗಿಡ ನೋಡಿದ್ದೀರಿ.

ಒಂದೊಂದಾಗಿ ಬಿಡಿಸುತ್ತೇನೆ. ನಮ್ಮ ಒಣ ಗುಡ್ಡಗಳಲ್ಲಿ ಸೆರೋಪೀಜಿಯಾ ಅಂದರೆ ಮೊದಲು ತಲೆಗೆ ಬರೋದು ಜಂಸಿಯಾ. ಅದರ ಕಾಂಡ ರಸ ತುಂಬಿ ಹಸಿರು ಕೊಳವೆ ಥರ ಇರುತ್ತದೆ, ಎಲೆ ಇದ್ದೂ ಇಲ್ಲದ ಹಾಗೆ. ನಿಮ್ಮದಕ್ಕೆ ಎಲೆ ಚೆನ್ನಾಗಿದೆ, ಕಾಂಡ ನೂಲು. ಅದಲ್ಲ. ಹಿರ್ಸೂಟಾ ಅಂತ ಒಂದಿದೆ. ಅದರ ಮೈಯೆಲ್ಲ ರೋಮ. ನಿಮ್ಮದು ನುಣ್ಣಗಿದೆ, ಅದೂ ಅಲ್ಲ. ಉಳಿದದ್ದು ಎರಡು, ಬಲ್ಬೋಸಾ ಮತ್ತು ಕ್ಯಾಂಡೆಲಾಬ್ರಮ್. ಎರಡಕ್ಕೂ ದುಂಡು ಗೆಡ್ಡೆ, ಎರಡೂ ನುಣುಪು. ಬಲ್ಬೋಸಾ ಬಹಳ ಕಡೆ ಸಿಗುವ ಜಾತಿ. ಅದರ ಎಲೆ ಇನ್ನೂ ಮಾಂಸಲ, ಗೊಂಚಲಲ್ಲಿ ಹೂವು ಕಮ್ಮಿ, ಹೂವು ಗಿಡ್ಡ. ಹೂವಿನ ಪಂಜರವೂ (ಐದು ಎಳೆ ಕೂಡಿದ ಭಾಗ) ಮೋಟು. ನಿಮ್ಮದರ ಎಳೆಗಳು ಉದ್ದ, ಪಂಜರ ಕೊಕ್ಕಿನ ಥರ ಮೇಲಕ್ಕೆ ಚೂಪಾಗಿದೆ. ಒಂದು ಗೊಂಚಲಿಗೆ 8 ಹೂವು. ತೊಟ್ಟು ಕೆಳಗೆ, ಹೂವು ಮೇಲೆ.

ನಾನು ಸೆರೋಪೀಜಿಯಾ ಕ್ಯಾಂಡೆಲಾಬ್ರಮ್ ಅಂತೀನಿ. ಇದರಲ್ಲೇ ಗೊಂಚಲಿಗೆ ಎರಡು ಮೂರೇ ಹೂ ಬಿಡುವ ಬೈಫ್ಲೋರಾ ಅನ್ನೋ ಬಗೆ ಇದೆ. ನಿಮ್ಮದು ಅದಲ್ಲ.

ನೀವು ಕಂದೀಲು ಅಂದಿರಲ್ಲ? ಆ ಹೆಸರಿನ ಅರ್ಥವೇ ಕವಲು ದೀಪದ ಕಂಬ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ಸೆರೋಪೀಜಿಯಾ ಅಂದರೆ ಗ್ರೀಕ್‌ನಲ್ಲಿ ಮೇಣದ ಬುಗ್ಗೆ. ಅವನು ಮಲಬಾರಿಗೆ ಬಂದವನೇ ಅಲ್ಲ. ಡಚ್ಚರ ಕಾಲದಲ್ಲಿ, 1678ರಿಂದ 1693ರವರೆಗೆ, ಮಲಬಾರಿನ ಗಿಡಗಳ ಬಗ್ಗೆ ಹೋರ್ಟಸ್ ಮಲಬಾರಿಕಸ್ ಅಂತ 12 ಸಂಪುಟ ಅಚ್ಚಾಯಿತು. ಅದರಲ್ಲಿ ಈ ಬಳ್ಳಿಯ ಚಿತ್ರ ಇತ್ತು, ಅವನಿಗೆ ಆಧಾರ ಅದೇ. ಗಿಡಗಳ ಬಗ್ಗೆ ಅದಕ್ಕೆ ವಿವರ ಹೇಳಿದವರಲ್ಲಿ ಮುಖ್ಯರು ಇಟ್ಟಿ ಅಚ್ಯುತನ್ ಅನ್ನೋ ನಾಟಿ ವೈದ್ಯರು. ಕೇರಳದ ವೈದ್ಯರ ತಿಳಿವು, ಡಚ್ಚರ ಪುಸ್ತಕ, ಸ್ವೀಡನ್ನಿನವನ ಹೆಸರು. ಈಗ ದಾವಣಗೆರೆಯವರ ಸ್ಕೇಲು!

ನೊಣದ ಕಥೆ ನಾಳೆ. ಕಣ್ಣು ಎಳೆಯುತ್ತಿದೆ.

ಬೆಣ್ಣೆದೋಸೆ, ದಾವಣಗೆರೆ · ಭಾನುವಾರ ರಾತ್ರಿ 10.28

ಸೋತೆ ಮೇಡಂ. ಈಶ್ವರಿ ಬಳ್ಳಿ ಅಂದಿದ್ದು ವಾಪಸ್ ತಗೊಂಡೆ. ಎಲೆ ನೋಡಿದ್ದರೂ ಗೊತ್ತಾಗುತ್ತಿತ್ತಾ?

ಕಮರದ ನೆರಳು, ಚಿತ್ರದುರ್ಗ · ಸೋಮವಾರ ಬೆಳಗ್ಗೆ 7.00

ಎಲೆ ಒಂದೇ ಸಾಕಿತ್ತು. ಈಶ್ವರಿ ಬಳ್ಳಿಯಲ್ಲಿ ಎಲೆ ಒಂದು ಈ ಕಡೆ, ಮುಂದಿನದು ಆ ಕಡೆ. ಇದರಲ್ಲಿ ಎದುರುಬದುರು. ಹೂವಿಲ್ಲದ ಕಾಲದಲ್ಲೂ ಇದು ಕೆಲಸಕ್ಕೆ ಬರುತ್ತದೆ. ಹಾಂ, ಈಶ್ವರಿ ಬಳ್ಳಿ ಕಂಡರೆ ಎಲೆ ಹಿಂದೆ ನೋಡಿ. ಕೆಂಪು ಮುಳ್ಳು ಮುಳ್ಳಿನ ಕಪ್ಪು ಹುಳ ಇದ್ದರೆ ಕ್ರಿಮ್ಸನ್ ರೋಸ್ ಚಿಟ್ಟೆಯ ಮರಿ ಇರಬಹುದು. ಕೊಲ್ಲಬೇಡಿ.

ಈಗ ನೊಣ. ಈ ಹೂವು ಜೇನಿಗೆ, ಚಿಟ್ಟೆಗೆ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳಿಗೆ. ವಾಸನೆಗೆ ಬರುತ್ತವೆ. ಕಿಟಕಿಯಿಂದ ನುಗ್ಗಿ ಒಳಗೆ ಕಾಲಿಟ್ಟರೆ ಮೇಣದ ಗೋಡೆ, ಜಾರುತ್ತದೆ. ಕೊಳವೆಯೊಳಗೆ ರೋಮಗಳು ಕೆಳಮುಖ. ಇಳಿಯೋಕೆ ಬಿಡುತ್ತವೆ, ಹತ್ತೋಕೆ ಬಿಡಲ್ಲ. ಮೀನು ಹಿಡಿಯುವ ಕೂಳಿ ನೋಡಿದ್ದೀರಲ್ಲ, ಅದೇ ಲೆಕ್ಕ. ಬುಡ್ಡಿಯೊಳಗೆ ನೊಣ ಒದ್ದಾಡುವಾಗ ಮೂತಿಗೆ ಪರಾಗದ ಗಂಟು ಕ್ಲಿಪ್ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತದೆ. ನೀವು ನೋಡಿದ ಹಳದಿ ಚುಕ್ಕೆ ಅದು. ಎಕ್ಕದ ಹೂವಿನಲ್ಲೂ ಇಂಥ ಗಂಟೇ ಇರೋದು.

ಹೂವಿಗೆ ನೊಣ ಕೊಲ್ಲುವ ಆಸೆ ಇಲ್ಲ. ಸುಮಾರು ಒಂದು ದಿನ ಆದ ಮೇಲೆ ರೋಮ ಬಾಡುತ್ತದೆ, ಹೂವು ಬಾಗುತ್ತದೆ, ಬಾಗಿಲು ತೆರೆಯುತ್ತದೆ. ನೊಣ ಹೊರಗೆ ಬಂದು, ಬುದ್ಧಿ ಕಲಿಯದೆ ಇನ್ನೊಂದು ಹೂವಿಗೆ ಬೀಳುತ್ತದೆ. ಆಗ ಪರಾಗ ತಲುಪುತ್ತದೆ. ನಿಮಗೆ ಸಿಕ್ಕ ನೊಣಕ್ಕೆ ಪಾಪ ಗ್ರಹಚಾರ ನೆಟ್ಟಗಿರಲಿಲ್ಲ.

ಆಫ್ರಿಕಾದ ಸೆರೋಪೀಜಿಯಾ ಸ್ಯಾಂಡರ್ಸೋನಿಯೈ ಇನ್ನೂ ಕಿಲಾಡಿ. ಜೇಡದ ಬಾಯಿಗೆ ಸಿಕ್ಕಿ ಗಾಯಗೊಂಡ ಜೇನುಹುಳ ಹೊರಡಿಸುವ ವಾಸನೆಯನ್ನೇ ಅದು ಬಿಡುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ಆ ಗಾಯದ ರಸ ಹೀರುವ ನೊಣಗಳು ಊಟ ಇದೆ ಅಂತ ಬಂದು ಸಿಕ್ಕಿಬೀಳುತ್ತವೆ.

ಮ್ಯಾಕ್ರೋ ಕಣ್ಣು, ಹೊಸದುರ್ಗ · ಸೋಮವಾರ ಸಂಜೆ 6.10

ಅದ್ಭುತ ಮೇಡಂ. ನನಗೆ ಒಂದು ವಿಷಯ ಎದ್ದು ಕಂಡಿತು. ಮೂರು ಬಳ್ಳಿಯೂ ಮುಳ್ಳಿನ ಕಂಟಿಯೊಳಗೆ. ಅಂದರೆ ಹೊರಗೆ ಬೆಳೆದದ್ದನ್ನೆಲ್ಲ ಕುರಿ ಮೇಕೆ ತಿಂದು ಹಾಕಿವೆ ಅಂತ ತಾನೇ? ಗುಡ್ಡಗಳಲ್ಲಿ ಮೇಯಿಸೋದನ್ನು ಪೂರ್ತಿ ನಿಲ್ಲಿಸಿದರೆ ಇಂಥ ಗಿಡಗಳು ತಾವಾಗೇ ಹೆಚ್ಚುತ್ತವೆ. ಕಹಿ ಮಾತು, ಆದರೆ ಹೇಳಲೇಬೇಕು.

ಹಟ್ಟಿ ಹುಡುಗ, ಚಳ್ಳಕೆರೆ · ಸೋಮವಾರ ರಾತ್ರಿ 9.30

ಅಣ್ಣ, ಎಲ್ಲಾದಕ್ಕೂ ಕುರಿಯವನೇ ಸಿಗೋದಾ?

ಧಾಮದೊಳಗೆ ಮೇಯಿಸಬಾರದು, ಒಪ್ಪಿದೆ. ನಾನು ಹೇಳೋದು ನಮ್ಮೂರ ಪಕ್ಕದ ಗುಡ್ಡದ್ದು. ಅಲ್ಲಿ ನಮ್ಮ ಮುತ್ತಜ್ಜನ ಕಾಲದಿಂದ ಕುರಿ ಮೇಯ್ತಾ ಇದ್ವು, ಗೆಡ್ಡೆ ಬಳ್ಳಿನೂ ಇತ್ತು. ಆರೇಳು ವರ್ಷದ ಹಿಂದೆ "ಬೋಳುಗುಡ್ಡ ಹಸಿರು ಮಾಡ್ತೀವಿ" ಅಂತ ಯಾರೋ ಗುತ್ತಿಗೆದಾರರು ಜೆಸಿಬಿ ತಂದರು. ಕಾರೆ, ಕವಳೆ, ಬಂದರೆ ಎಲ್ಲಾ ಕಿತ್ತು ಗುಡ್ಡೆ ಹಾಕಿದರು. ಸಾಲು ಸಾಲು ಗುಂಡಿ ತೋಡಿ ಸಸಿ ನೆಟ್ಟರು. ಮೊದಲನೇ ವರ್ಷ ಮಳೆ ಕೈಕೊಟ್ಟಿತು, ಅರ್ಧ ಸಸಿ ಹೋಯಿತು. ಈಗ ಅಲ್ಲಿ ಸಸಿನೂ ಇಲ್ಲ, ಕಂಟಿನೂ ಇಲ್ಲ, ಬಳ್ಳಿನೂ ಇಲ್ಲ. ಹೋದ ವರ್ಷ ಊರಿಗೆ ಹೋದಾಗ ಮಗನಿಗೆ ತೋರಿಸೋಣ ಅಂತ ಅರ್ಧ ದಿನ ಹುಡುಕಿದೆ. ಒಂದೂ ಸಿಗಲಿಲ್ಲ.

ಕುರಿ ಬಳ್ಳಿಯ ತುದಿ ತಿಂದರೆ ಗೆಡ್ಡೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತೆ. ಜೆಸಿಬಿ ಗೆಡ್ಡೆನೇ ಎತ್ತಿ ಬಿಸಾಕುತ್ತೆ.

ಮ್ಯಾಕ್ರೋ ಕಣ್ಣು, ಹೊಸದುರ್ಗ · ಸೋಮವಾರ ರಾತ್ರಿ 9.55

ಜೆಸಿಬಿ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ವರ್ಷ ವರ್ಷವೂ ಹೂ ಬಿಡೋಕೆ ಮುಂಚೆ ತುದಿ ಹೋದರೆ ಬೀಜ ಎಲ್ಲಿಂದ ಬರಬೇಕು? ನಿಮ್ಮ ಅಪ್ಪ ನೀವು ಗೆಡ್ಡೆ ಕೂಡ ತಿಂದಿದ್ದೀರಲ್ಲ!

ಹಟ್ಟಿ ಹುಡುಗ, ಚಳ್ಳಕೆರೆ · ಸೋಮವಾರ ರಾತ್ರಿ 10.02

ಹಾಂ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ತಿಂದಿದ್ದು ನಿಜ. ಆದರೆ ಅಪ್ಪ ಒಂದು ಕಂಟಿಗೆ ಒಂದೇ ತೆಗೆಯೋರು. ಸಣ್ಣದು ಸಿಕ್ಕರೆ ವಾಪಸ್ ಮಣ್ಣು ಮುಚ್ಚೋರು. ಯಾಕೆ ಅಂತ ನಾನು ಆಗ ಕೇಳಲಿಲ್ಲ. ಈಗ ಕೇಳೋಕೆ ಅವರಿಲ್ಲ.

ಕಮರದ ನೆರಳು, ಚಿತ್ರದುರ್ಗ · ಮಂಗಳವಾರ ಬೆಳಗ್ಗೆ 6.40

ಇಬ್ಬರ ಮಾತಲ್ಲೂ ಹುರುಳಿದೆ. ನಾನು ಕಂಟಿಯ ಪರ ಎರಡು ಮಾತು ಹೇಳುತ್ತೇನೆ.

ಮುಳ್ಳು ಮೇಕೆಯಿಂದ ಕಾಪಾಡುತ್ತದೆ, ಸರಿ. ಆದರೆ ದಾರಿಹೋಕ ಬೆರಳಿಟ್ಟು ನೋಡಿದ್ದು ನನಗೆ ಅದಕ್ಕಿಂತ ದೊಡ್ಡ ವಿಷಯ. ಒಳಗೆ ತಂಪು, ಹೊರಗೆ ಬಿಸಿ. ನಮ್ಮಲ್ಲಿ ವರ್ಷಕ್ಕೆ ಬೀಳೋದೇ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಎರಡು ಮಳೆಯ ನಡುವೆ ಹದಿನೈದು ದಿನ ಬಿಸಿಲು ಬಿದ್ದರೆ ಬಯಲಿನ ಎಳೆ ಸಸಿ ಸುಟ್ಟುಹೋಗುತ್ತದೆ. ಕಾರೆಯ ನೆರಳು, ಅದರದೇ ಎಲೆಗೊಬ್ಬರ, ಹತ್ತೋಕೆ ಆಸರೆ, ಮೇಲೆ ಮುಳ್ಳಿನ ಕಾವಲು. ಬಾಣಂತಿ ಕೋಣೆ ಇದ್ದಂತೆ. ಆ ಬುಡದ ತಂಪಿಗೆ ಸಣ್ಣ ನೊಣಗಳೂ ಅಲ್ಲೇ ಸುಳಿದಾಡುತ್ತವೆ.

ಈ ಕುರುಚಲು ಕಾಡನ್ನು ನಾವು ಕಾಡು ಅಂತಲೇ ಒಪ್ಪಲ್ಲ. ಎತ್ತರದ ಮರ ಇಲ್ಲದಿದ್ದರೆ ಬೋಳು ಅಂತೀವಿ. ಗಿಡ ನೆಡಿ ಅಂತೀವಿ. ಜೋಗಿಮಟ್ಟಿ ತುದಿ ಸುಮಾರು 3800 ಅಡಿ ಇದೆ. ಮೇಲೆ ಹುಲ್ಲು, ಇಳಿಜಾರಿನಲ್ಲಿ ದಿಂಡಿಗ, ಕಗ್ಗಲಿ, ಚುಜ್ಜಲು, ಕೆಳಗೆ ಕಂಟಿ. ಒಂದೊಂದಕ್ಕೂ ಅದರದೇ ಒಕ್ಕಲು. ಜಗಳೂರಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತ ಧಾಮ ಮಾಡಿದರು. ಆ ಪ್ರಾಣಿ ಉಳಿದಿರೋದೂ ಇಂಥ ಒಣ ಕುರುಚಲಿನಲ್ಲೇ.

ಬೆಂಕಿಯೂ ಒಂದು ವಿಷಯ. ಮಾರ್ಚ್‌ನಲ್ಲಿ ಹುಲ್ಲಿಗೆ ಬೆಂಕಿ ಬಿದ್ದರೆ ಗೆಡ್ಡೆ ಮಣ್ಣೊಳಗೆ ಬದುಕಬಹುದು. ಆದರೆ ಕಂಟಿ ಸುಟ್ಟರೆ ಮುಂದಿನ ಮಳೆಗೆ ಬಳ್ಳಿ ಎದ್ದು ಯಾವುದನ್ನು ಹಿಡಿದುಕೊಳ್ಳಬೇಕು?

ಸೊಪ್ಪಿನ ಸಾರು, ಜಗಳೂರು · ಮಂಗಳವಾರ ಬೆಳಗ್ಗೆ 9.15

ನಮ್ಮ ಅಜ್ಜಿ ಬೇಲಿ ಸವರುವಾಗ ಕಾರೆ ಕಂಟಿ ಮಾತ್ರ ಕಡಿಯದೆ ಉಳಿಸುತ್ತಿದ್ದರು. "ಹಣ್ಣು ತಿನ್ನೋರು ನಾವೊಬ್ಬರೇ ಅಲ್ಲ" ಅನ್ನೋರು. ಈ ಭಾನುವಾರ ನಮ್ಮ ಹೊಲದ ಬದುವಿನಲ್ಲೂ ಬಗ್ಗಿ ನೋಡ್ತೀನಿ.

ದಾರಿಹೋಕ, ದಾವಣಗೆರೆ · ಮಂಗಳವಾರ ರಾತ್ರಿ 8.50

ಮೇಡಂ, ಇದನ್ನು ಎಲ್ಲಾದರೂ ದಾಖಲೆ ಮಾಡಬೇಕಾ? ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ಜಾಗ ಎಲ್ಲರಿಗೂ ಕಾಣುತ್ತಾ?

ಕಮರದ ನೆರಳು, ಚಿತ್ರದುರ್ಗ · ಮಂಗಳವಾರ ರಾತ್ರಿ 9.20

ಹಾಕಿ. ಆದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ನೀವೇ ಒತ್ತಿ. ಆಗ ಬೇರೆಯವರಿಗೆ ನಕ್ಷೆಯಲ್ಲಿ ದೊಡ್ಡ ಚೌಕ ಕಾಣುತ್ತದೆ, ಕಂಟಿ ಕಾಣಲ್ಲ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೂ ಹಾಕಬಹುದು. ಹೂವಿನ ಜೊತೆ ಎಲೆ, ಕಾಂಡ, ಕಂಟಿ, ಸುತ್ತಲಿನ ನೆಲ, ಎಲ್ಲದರ ಫೋಟೋ ಹಾಕಿ. ವಾಚರ್ ಅವರಿಗೂ ಹೆಸರು ಹೇಳಿ. ಆ ಗುಡ್ಡದಲ್ಲಿ ಬೆಂಕಿ ರೇಖೆ (ಬೆಂಕಿ ಹಬ್ಬದಂತೆ ಹುಲ್ಲು, ಕಂಟಿ ಸವರಿದ ಪಟ್ಟಿ) ಕೀಳಿಸುವಾಗ ಜೊತೆಗಿರೋದು ಅವರು, ನಾವಲ್ಲ. ಕಾಯಿ ಸಿಕ್ಕರೆ ಅದರ ಫೋಟೋನೂ ಬೇಕು ನನಗೆ. ಹಟ್ಟಿ ಹಬ್ಬದ, ಅಂದರೆ ದೀಪಾವಳಿಯ ಹೊತ್ತಿಗೆ ಹೋಗಿ.

ದಾರಿಹೋಕ, ದಾವಣಗೆರೆ · ಹಟ್ಟಿ ಹಬ್ಬದ ಮರುವಾರ, ಭಾನುವಾರ ರಾತ್ರಿ 8.30

ಮೂರನೇ ಸಲ ಹೋಗಿ ಬಂದೆ. ಈ ಸಲ ಭಾವನೂ ಬಂದರು!

ಮೂರು ಬಳ್ಳಿಯಲ್ಲಿ ಒಂದು ಪೂರ್ತಿ ಮಾಯ. ಬುಡದಲ್ಲಿ ಮಣ್ಣು ಕೆದಕಿದ ಗುಂಡಿ. ವಾಚರ್ ಅಣ್ಣ ಪಕ್ಕದಲ್ಲಿ ಬಿದ್ದಿದ್ದ ಒಂದು ಮುಳ್ಳು ಎತ್ತಿ ತೋರಿಸಿದರು, ಕಪ್ಪು ಬಿಳಿ ಪಟ್ಟೆಯದ್ದು. ಮುಳ್ಳುಹಂದಿ. ಎರಡನೆಯದು ಒಣಗುತ್ತಿದೆ, ಕಾಯಿ ಕಟ್ಟಿಲ್ಲ. ಮೊದಲು ನೋಡಿದ ಬಳ್ಳಿಯಲ್ಲಿ ಮಾತ್ರ ಒಂದು ಜೋಡಿ ಕಾಯಿ. ಅಷ್ಟೊಂದು ಹೂವಿಗೆ ಒಂದೇ ಜೋಡಿ! ಸಪೂರ, ಬೆರಳಿಗಿಂತ ಉದ್ದ. ಜಿಂಕೆ ಕೊಂಬಿನ ಥರ ಎರಡೂ ಬೇರೆ ಬೇರೆ ದಿಕ್ಕಿಗೆ. ಒಂದು ಒಡೆದಿತ್ತು. ಒಳಗೆ ಎಕ್ಕದ ಬೀಜದ ಹಾಗೆ ರೇಷ್ಮೆ ಕೂದಲು. ಫೋಟೋ ತೆಗೆಯುವಷ್ಟರಲ್ಲಿ ಗಾಳಿ ಬಂತು. ಐದಾರು ಬೀಜ ಹಾರಿ ಗಾಳಿಯಂತ್ರಗಳ ಕಡೆ ಹೋದವು. ಒಂದು ಅಲ್ಲೇ ಕಾರೆ ಮುಳ್ಳಿಗೆ ಸಿಕ್ಕಿಕೊಂಡು ಉಳಿಯಿತು. ಭಾವ ಅದನ್ನು ಬಿಡಿಸೋಕೆ ಹೋಗಿ ಬೆರಳು ಚುಚ್ಚಿಸಿಕೊಂಡರು. ಆಮೇಲೆ ಸುಮ್ನೆ ಬಿಟ್ಟರು.

ಹಟ್ಟಿ ಹುಡುಗ, ಚಳ್ಳಕೆರೆ · ಭಾನುವಾರ ರಾತ್ರಿ 10.45

ಅಣ್ಣ, ಆ ಮೊದಲನೇ ಬಳ್ಳಿ ಗೆಡ್ಡೆ ಎಷ್ಟು ದಪ್ಪ ಇತ್ತು?

ದಾರಿಹೋಕ, ದಾವಣಗೆರೆ · ಭಾನುವಾರ ರಾತ್ರಿ 10.47

ನೋಡಿಲ್ಲ ತಮ್ಮ. ಕೆದಕಲಿಲ್ಲ.